ನಾನು ಫ್ರಾಕು ಎಂದೆ

ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ದುಭಾಷಿಯಾಗಿದ್ದವನು ನಾನು. ಹೈದರಾಬಾದಿನ ಹಳೆಯ ವಕೀಲರಿಗೆ ದತ್ತಾತ್ರೇಯ ಎಂದರೆ ತಟ್ಟನೆ ಗುರುತು ಹತ್ತಲಿಕ್ಕಿಲ್ಲ, ‘ಕನ್ನಡ ಇಂಟರ್‌ಪ್ರಿಟರ್ ಸಾಬ್’ ಎಂದರೆ ಹತ್ತುತ್ತದೆ. ಕನ್ನಡ, ಮರಾಠಿ, ಉರ್ದು ಮೂರನ್ನೂ ತೆಲುಗಿಗೋ ಇಂಗ್ಲಿಷಿಗೋ ನೀರು ಕುಡಿದಷ್ಟು ಸುಲಭವಾಗಿ ದಾಟಿಸುತ್ತಿದ್ದೆ. ನಿವೃತ್ತನಾಗಿ ಒಂಬತ್ತು ವರ್ಷವಾದರೂ, ಕನ್ನಡ ಬಿಟ್ಟು ಬೇರೇನೂ ಬಾರದ ಯಾರಾದರೂ ಕಟಕಟೆ ಹತ್ತಿದರೆ ಮಿಯಾಪುರದ ನನ್ನ ಫ್ಲ್ಯಾಟಿಗೆ ಫೋನು ಬರುತ್ತದೆ. ಬರುತ್ತಿತ್ತು ಎನ್ನಬೇಕು. ಇನ್ನು ಬರಲಾರದು, ಬರಲೂಬಾರದು.

ಮುದುಕ ಜಂಬ ಕೊಚ್ಚಿಕೊಳ್ಳುತ್ತಿದ್ದಾನೆ ಎನ್ನಿಸಿದರೆ ಅನ್ನಿಸಲಿ. ಆ ಜಂಬದ ಕಥೆಯನ್ನೇ ಹೇಳಲು ಕೂತಿದ್ದೇನೆ.

ನನ್ನ ಕೆಲಸದ ಗುಟ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಕಟಕಟೆಯಲ್ಲಿ ನಿಂತವರು ಯಾರೂ ನೆಟ್ಟಗೆ ವಾಕ್ಯ ಮಾಡಿ ಮಾತಾಡುವುದಿಲ್ಲ. ಆಗ ಗಂಟೆ ಎಷ್ಟಾಗಿತ್ತು ಎಂದು ಕೇಳಿದರೆ ಆ ದಿನ ಮನೆಯಲ್ಲಿ ಏನು ಅಡುಗೆ ಎಂಬಲ್ಲಿಂದ ಶುರು ಮಾಡುತ್ತಾರೆ. ನಾನು ಕೇಳುತ್ತ ಕೇಳುತ್ತಲೇ ಹೊಟ್ಟು ತೂರಿ ಕಾಳನ್ನಷ್ಟೇ ಜಡ್ಜರ ಮುಂದಿಡುತ್ತಿದ್ದೆ. “ದತ್ತಾತ್ರೇಯ ಇದ್ದರೆ ಕೆಲಸ ಬೇಗ ಮುಗಿಯುತ್ತದೆ” ಎಂದು ಒಬ್ಬ ಜಡ್ಜ್ ಸಾಹೇಬರು ನನ್ನ ಬೆನ್ನು ತಟ್ಟಿದ್ದರು. ಅವರು ತಟ್ಟಿದ್ದು ಒಂದು ಸಲ, ನಾನೇ ತಟ್ಟಿಕೊಂಡದ್ದು ನೂರು ಸಲ.

ಕಳೆದ ಆಷಾಢದಲ್ಲಿ ಚೇತನಕುಮಾರ ಫೋನು ಮಾಡಿದ. ಅವನು ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್. ಬೀದರ ಕಡೆಯವನು, ನನ್ನ ಕೈಕೆಳಗೆ ಕೆಲಸ ಕಲಿತವನು.

“ಸರ್, ಯಾದಗಿರಿ ಕಡೀ ಹೆಣ್ಮಗಳು ಒಬ್ಬಾಕಿ ಜೈಲಿನ್ಯಾಗ ಇದ್ದಾಳ್ರಿ. ಹುಸೇನಮ್ಮ ಅಂತ ಹೆಸ್ರು, ಕಟ್ಟಡದ ಕೂಲಿ. ಸುಲ್ತಾನ್ ಬಜಾರ್‌ನ್ಯಾಗ ಒಂದು ಅಂಗಡಿಯಿಂದ ಸಣ್ಣ ಹುಡುಗಿ ಫ್ರಾಕು ಕದ್ದು, ಅಂಗಡಿಯವನ ತಲಿ ಒಡದಾಳ ಅಂತ ಕೇಸು. ಆಕಿ ವಕೀಲರು, ಇಕಿ ತಲಿ ಸರಿ ಇಲ್ಲ, ವಿಚಾರಣಿ ನಡಸಬ್ಯಾಡ್ರಿ, ಡಾಕ್ಟರ್ ಕಡೆ ಕಳಸ್ರಿ ಅಂತ ಅರ್ಜಿ ಹಾಕ್ಯಾರ. ಮೇಡಂ, ಮೊದಲ ನಾನಾ ಮಾತಾಡಿಸಿ ನೋಡ್ತೀನಿ ಅಂದಾರ. ನೀವು ಬರಬೇಕ್ರಿ.”

ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ತಮ್ಮ ಮೇಲೆ ಏನು ಆರೋಪ ಇದೆ ಎಂಬುದೇ ತಿಳಿಯದವರನ್ನು, ತಮ್ಮ ಪರವಾಗಿ ಏನು ಹೇಳಬೇಕೆಂದು ವಕೀಲರಿಗೂ ತಿಳಿಸಲಾಗದವರನ್ನು ಕಾನೂನು ವಿಚಾರಣೆಗೆ ನಿಲ್ಲಿಸುವಂತಿಲ್ಲ. ಮೊದಲು ವೈದ್ಯರು ನೋಡಬೇಕು, ಚಿಕಿತ್ಸೆ ಆಗಬೇಕು. ಅದು ಯಾರದೋ ದಯೆಯಲ್ಲ, ಅವರ ಹಕ್ಕು. ಆ ಕಲಮನ್ನು ನಾನೇ ನಾಲ್ಕಾರು ಸಲ ಕನ್ನಡಕ್ಕೆ ತಂದು ಟೈಪು ಮಾಡಿಸಿದ್ದೇನೆ.

ಹೊರಡುವಾಗ ಹಳೆಯ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡೆ. ಕೆಂಪು ದಾರ, ಕೆಳಗೆ ನನ್ನ ಫೋಟೋ. ಈಗ ಅದನ್ನು ಯಾರೂ ಕೇಳುವುದಿಲ್ಲ. ನನ್ನ ಹೆಂಡತಿ ಸುಹಾಸಿನಿ ಬಾಗಿಲಲ್ಲಿ ನಿಂತು, “ಸಾಲಿಗೆ ಹೊಂಟ ಹುಡುಗರಂಗ ಕಾಣಸ್ತೀರಿ ನೋಡ್ರಿ” ಎಂದು ನಕ್ಕಳು. ನಾನು ಕಿವಿಗೆ ಹಾಕಿಕೊಳ್ಳದೆ ಮೆಟ್ರೋ ಹತ್ತಿದೆ.

ಕೋರ್ಟಿನ ಪಡಸಾಲೆಯಲ್ಲಿ ಇಬ್ಬರು ಮಹಿಳಾ ಪೇದೆಗಳ ನಡುವೆ ಹುಸೇನಮ್ಮ ಕೂತಿದ್ದಳು. ಮೂವತ್ತರ ಹೆಂಗಸು, ಕೂದಲು ಕತ್ತರಿಸಿಬಿಟ್ಟಿದ್ದರು. ತುಟಿ ಅಲ್ಲಾಡುತ್ತಲೇ ಇತ್ತು. ಒಬ್ಬ ಪೇದೆ ಇನ್ನೊಬ್ಬಳಿಗೆ ತೆಲುಗಿನಲ್ಲಿ, “ಏದೋ ವಾಗುತೂನೇ ಉಂಟುಂದಿ, ಅದೀ ಒಕ ಭಾಷೇನಾ?” ಎಂದು ಕಿಸಕ್ಕನೆ ನಕ್ಕಳು. ಸದಾ ಏನೋ ಬಡಬಡಿಸುತ್ತಾಳೆ, ಅದೂ ಒಂದು ಭಾಷೆಯೇ ಎಂದು.

ನನ್ನ ಮೈ ಉರಿದುಹೋಯಿತು. ಅರವತ್ತು ವರ್ಷದ ಹಿಂದೆ ಇದೇ ಊರಿನ ಶಾಲೆಯಲ್ಲಿ ನಾನು ಬಾಯಿ ತಪ್ಪಿ ಕನ್ನಡದಲ್ಲಿ ನೀರು ಕೇಳಿದಾಗ ಇಡೀ ಕ್ಲಾಸು ಹೀಗೆಯೇ ನಕ್ಕಿತ್ತು. ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ಒಳಗೆ ಬಂದರೆ ಮಾತ್ರ ನಮ್ಮ ಮಾತು ಎಂದು ಅಂದೇ ಕಲಿತವನು ನಾನು. ಕನ್ನಡ ಮಾತಾಡಿದವರೆಲ್ಲ ಇವರ ಕಣ್ಣಿಗೆ ಹುಚ್ಚರೇ? ಇವಳನ್ನು ಎರ್ರಗಡ್ಡದ ಹುಚ್ಚಾಸ್ಪತ್ರೆಗೆ ಸಾಗಹಾಕಿ ನಗಬೇಕೇ? ಆಗಲಿ, ನಮ್ಮ ಹೆಣ್ಣುಮಗಳು ಹೇಗೆ ಉತ್ತರ ಕೊಡುತ್ತಾಳೆ ನೋಡಿಕೊಳ್ಳಿ ಎಂದು ಮನಸ್ಸಿನಲ್ಲೇ ಪಣ ತೊಟ್ಟೆ. ಅವಳು ಏನು ಹೇಳುತ್ತಿದ್ದಾಳೆ ಎಂದು ಒಂದು ಕ್ಷಣ ನಿಂತು ಕೇಳಿಸಿಕೊಂಡಿದ್ದರೂ ಸಾಕಿತ್ತು. ಕೇಳಿಸಿಕೊಳ್ಳಲಿಲ್ಲ.

ಒಳಗೆ ಸತ್ಯವಾಗಿ ಭಾಷಾಂತರಿಸುತ್ತೇನೆ ಎಂದು ಪ್ರಮಾಣ ಮಾಡಿ ಕಟಕಟೆಯ ಪಕ್ಕ ನಿಂತೆ. ಮ್ಯಾಜಿಸ್ಟ್ರೇಟ್ ಮೇಡಂ ಮಧ್ಯವಯಸ್ಸಿನವರು, ತೆಲುಗಿನವರು, ತಾಳ್ಮೆಯವರು. ಮೊದಲು ಹೆಸರು ಕೇಳಿದರು. ನಾನು ಕನ್ನಡದಲ್ಲಿ ಕೇಳಿದೆ.

“ಹೆಸ್ರು ಕಾರ್ಡಿನ್ಯಾಗ ಐತ್ರಿ. ಕಾರ್ಡು ಮೇಸ್ತ್ರಿ ನುಂಗ್ಯಾನ. ಅವನ ಹೊಟ್ಟ್ಯಾಗಿಂದ ದಿನಾ ನನ್ನ ಕರಿಯಾಕತ್ತೈತಿ.”

ನಾನು ತೆಲುಗಿನಲ್ಲಿ ಹೇಳಿದೆ: “ಹೆಸರು ಹುಸೇನಮ್ಮ. ಲೇಬರ್ ಕಾರ್ಡು ಮೇಸ್ತ್ರಿಯ ಹತ್ತಿರ ಇದೆಯಂತೆ.”

“ಅಂಗಡಿಯಿಂದ ಏನು ತೆಗೆದುಕೊಂಡಳು, ಕೇಳಿ.”

“ನನ್ನ ಮಗಳನ್ನ ತೂಗ ಹಾಕಿದ್ರು ಯಪ್ಪಾ. ಕುತಿಗಿಗೆ ಕೊಕ್ಕಿ ಸಿಗಿಸಿ. ಗಾಳಿಗೆ ಅಲ್ಲಾಡಾಕತ್ತಿದ್ಲು. ನಾ ಇಳಿಸಿಕೊಂಡೆ.”

“ಮಗಳಿಗೆಂದು ಒಂದು ಫ್ರಾಕು ಇಳಿಸಿಕೊಂಡಳಂತೆ.”

“ಅಂಗಡಿಯವನನ್ನು ಯಾಕೆ ಹೊಡೆದಳು?”

“ಮತ್ತ ತೂಗ ಹಾಕಾಕ ಬಂದ. ಕೋಲು ಹಿಡಕೊಂಡು ಬಂದ. ಅವಂಗ ಮುಖಾನ ಇರಲಿಲ್ರಿ.”

“ಅವನು ಕಸಿದುಕೊಳ್ಳಲು ಬಂದ, ಅದಕ್ಕೇ ಹೊಡೆದೆ ಎನ್ನುತ್ತಾಳೆ.”

“ಇದು ಕೋರ್ಟು, ತನ್ನ ಮೇಲೆ ಕೇಸು ನಡೆದಿದೆ ಎಂದು ಗೊತ್ತೇ ಅವಳಿಗೆ?”

ಹುಸೇನಮ್ಮ ತಲೆಯೆತ್ತಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. “ಗೊತ್ತೈತ್ರಿ. ಅದು ಹೇಳಾಕತ್ತೈತಲ್ಲ, ನಿಮಗ ಕೇಳಸವಲ್ದೇನು?”

“ಗೊತ್ತಿದೆ ಎನ್ನುತ್ತಾಳೆ” ಎಂದೆ. ಫ್ಯಾನನ್ನು ಬಿಟ್ಟೆ.

ಅಷ್ಟರಲ್ಲಿ ಅವಳ ವಕೀಲೆ ಎದ್ದು ನಿಂತಳು. ಕಾನೂನು ನೆರವಿನ ಕಡೆಯಿಂದ ಬಂದ ಶುಭಾ ಎಂಬ ಹುಡುಗಿ. ಅವಳ ಮನೆಯವರು ಕಲಬುರಗಿ ಕಡೆಯವರು, ಕನ್ನಡ ಬರುತ್ತದೆ. “ಮೇಡಂ, ಅವಳು ಹೇಳಿದ್ದು ಇದಲ್ಲ. ಫ್ರಾಕು ಎಂಬ ಮಾತನ್ನೇ ಅವಳು ಆಡಿಲ್ಲ” ಎಂದಳು. ನೀವು ಅವಳ ಪರ ವಕೀಲರು, ಅವಳ ದುಭಾಷಿಯೂ ನೀವೇ ಆಗುವಂತಿಲ್ಲ ಎಂದು ಮೇಡಂ ಸಮಾಧಾನದಿಂದಲೇ ಹೇಳಿ ನನ್ನ ಕಡೆ ತಿರುಗಿದರು. “ದತ್ತಾತ್ರೇಯಗಾರು, ಭಾಷಾಂತರ ಸರಿಯಾಗಿದೆಯೇ?”

ನಾನು ಕೊರಳ ಚೀಟಿಯನ್ನು ಸರಿಪಡಿಸಿಕೊಂಡೆ. “ಮೇಡಂ, ಈ ಕೆಲಸಕ್ಕೆ ಮೂವತ್ತನಾಲ್ಕು ವರ್ಷ. ಇವತ್ತಿನವರೆಗೆ ನನ್ನ ಒಂದು ಸಾಲನ್ನು ಯಾರೂ ಹೊಡೆದುಹಾಕಿಲ್ಲ.”

ಅಷ್ಟು ಸಾಕಾಯಿತು. ಆರೋಪಿ ಪ್ರಶ್ನೆಗಳನ್ನು ತಿಳಿದುಕೊಂಡು ಸಂಬದ್ಧವಾಗಿ ಉತ್ತರಿಸಿದ್ದಾಳೆ, ವೈದ್ಯಕೀಯ ಪರೀಕ್ಷೆಗೆ ಕಾರಣ ಕಾಣುವುದಿಲ್ಲ, ವಿಚಾರಣೆ ಮುಂದುವರಿಯಲಿ ಎಂದು ಆದೇಶವಾಯಿತು. ಸಂಬದ್ಧವಾಗಿ ಉತ್ತರಿಸಿದ್ದವನು ನಾನು. ಪರೀಕ್ಷೆಯಲ್ಲಿ ಪಾಸಾದವನೂ ನಾನೇ. ಜೈಲಿಗೆ ವಾಪಸು ಹೋದವಳು ಹುಸೇನಮ್ಮ.

ಮನೆಗೆ ಬಂದು ಸುಹಾಸಿನಿಯ ಮುಂದೆ ಎಲ್ಲ ಹೇಳಿದೆ. ನನ್ನ ನೆನಪು ಇನ್ನೂ ಟೇಪ್ ರೆಕಾರ್ಡರಿನ ಹಾಗೆಯೇ ಇದೆ, ಹುಸೇನಮ್ಮನ ಮಾತು, ನನ್ನ ಮಾತು ಎರಡನ್ನೂ ಒಪ್ಪಿಸಿದೆ. ಆ ಗೊಂದಲದಲ್ಲೂ ಅರ್ಥ ಹೇಗೆ ಹಿಡಿದೆ ನೋಡು ಎಂಬುದು ನನ್ನ ಇಂಗಿತ. ಸುಹಾಸಿನಿ ಚವಳಿಕಾಯಿ ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

“ಮಗಳನ್ನ ತೂಗ ಹಾಕಿದ್ರು ಅಂದ್ಲೇನು? ಅದಕ್ಕ ನೀವು ಫ್ರಾಕು ಅಂದ್ರಿ?”

“ಫ್ರಾಕೇ ಅಲ್ಲೇನು ಮತ್ತ? ಕೇಸಿನ ಕಾಗದದಾಗ ಅದೇ ಅದ.”

“ಕಾಗದದಾಗ ಇದ್ದದ್ದು ಹೇಳ್ಲಿಕ್ಕೆ ನಿಮ್ಮನ್ನ ಯಾಕ ಕರೀತಾರ?” ಎಂದಳು. ಮತ್ತೆ ಚವಳಿಕಾಯಿ ಸೋಸತೊಡಗಿದಳು. ಆ ದಿನ ಪಲ್ಯಕ್ಕೆ ಉಪ್ಪೇ ಬಿದ್ದಿರಲಿಲ್ಲ. ನಾನೂ ಕೇಳಲಿಲ್ಲ.

ಮೂರು ವಾರದ ಮೇಲೆ ಒಂದು ಭಾನುವಾರ ಶುಭಾ ನಮ್ಮ ಮನೆ ಹುಡುಕಿಕೊಂಡು ಬಂದಳು. ಸುಹಾಸಿನಿ ಚಹಾ ತಂದಿಟ್ಟು ಅಲ್ಲೇ ಕೂತಳು. ಶುಭಾ ಸುತ್ತಿ ಬಳಸಲಿಲ್ಲ.

“ಕಾಕಾ, ಮುಂದಿನ ತಾರೀಖಿಗೆ ನಾನು ಮತ್ತ ಅರ್ಜಿ ಹಾಕೀನಿ. ಆವತ್ತು ಆಕಿ ಆಡಿದ್ದು ಆಡಿದಂಗ ಹೇಳಿಲ್ಲ ಅಂತ ನೀವು ಕೋರ್ಟಿನ್ಯಾಗ ಹೇಳಬೇಕ್ರಿ. ನಾ ಹೇಳಿದ್ರ ನಂಬೂದಿಲ್ಲ. ನಿಮ್ಮನ್ನ ನಂಬ್ತಾರ.”

“ನಾ ಅರ್ಥ ಹೇಳೀನಿ. ಅರ್ಥದಾಗ ತಪ್ಪೇನದ?” ಎಂದೆ. ನನ್ನ ದನಿ ನನಗೇ ಎತ್ತರವಾಗಿ ಕೇಳಿಸಿತು. “ಪ್ರಮಾಣ ಮಾಡಿ ಹೇಳಿದ್ದನ್ನ ಈಗ ನಾನೇ ಸುಳ್ಳು ಅನಬೇಕೇನು? ಈ ವಯಸ್ಸಿನಾಗ?”

ಶುಭಾ ಬಟ್ಟಲನ್ನು ಕೆಳಗಿಟ್ಟಳು. “ಆಕಿಗೆ ಎರಡು ವರ್ಷದ ಮಗಳಿದ್ಲು ಕಾಕಾ. ಲಿಂಗಂಪಲ್ಲಿ ಕಡೆ ಒಂದು ಕಟ್ಟಡದ ಕೆಲಸದಾಗ, ಸೀರಿ ಜೋಳಿಗಿ ಕಟ್ಟಿ ಕೂಸಿನ್ನ ಮಲಗಿಸಿ, ಇಟ್ಟಂಗಿ ಹೊರಾಕ ಹೋಗಿದ್ಲು. ಕೂಸು ಎದ್ದು ಹೊರಳಾಡಿ ಸೀರಿ ಕುತಿಗಿಗೆ ಸುತ್ತಿಕೊಂಡೈತಿ. ಇಕಿ ಬಂದು ನೋಡೋದ್ರಾಗ ಮುಗಿದಿತ್ತು. ಇಳಿಸಿಕೊಂಡಾಕಿ ಇಕೀನ. ಅವತ್ತಿಂದ ಹಿಂಗ.”

ನಾನು ನನ್ನ ಬಟ್ಟಲನ್ನೂ ಕೆಳಗಿಟ್ಟೆ.

“ಜೈಲಿನ್ಯಾಗ ಒಣಗಾಕ ಹಾಕಿದ ಬಟ್ಟಿ ಎಲ್ಲಾ ಇಳಸ್ತಾಳ. ಹಸೀ ಇದ್ದಾಗನ ಇಳಿಸಿ, ತೊಡಿ ಮ್ಯಾಲ ಹಾಕ್ಕೊಂಡು ತಟ್ಟಿಕೋಂತ ಕುಂಡ್ರತಾಳ. ಉಳಿದ ಹೆಣ್ಮಕ್ಕಳು ಹೊಡೀತಾರ. ಹೋದ ವಾರ ಒಂದು ಹಲ್ಲು ಮುರದೈತಿ. ಔಷಧ ಕೊಡಸ್ರಿ ಅಂದ್ರ, ತಲಿ ಸರಿ ಐತಿ ಅಂತ ಕೋರ್ಟಾ ಹೇಳೈತಲ್ಲ ಅಂತಾರ. ಮೊಂಡತನ ಮಾಡಾಕತ್ತಾಳ ಅಂತಾರ.”

ವಿಚಾರ ಮಾಡಿ ಹೇಳುತ್ತೇನೆ ಎಂದು ಶುಭಾಳನ್ನು ಸಾಗಹಾಕಿದೆ. ಅವಳು ಲಿಫ್ಟಿನ ಒಳಗೆ ಹೋದ ಮೇಲೆ ಸುಹಾಸಿನಿ ಬಾಲ್ಕನಿಗೆ ಹೋಗಿ, ತಂತಿಯ ಮೇಲಿದ್ದ ಬಟ್ಟೆಗಳನ್ನು ಒಂದೊಂದಾಗಿ ಇಳಿಸಿದಳು. ಅವು ಇನ್ನೂ ಒಣಗಿರಲಿಲ್ಲ.

“ನಿಮ್ಮ ಸಾವಿತ್ರಿ ಅತ್ಯಾನ ನೆನಪದನೋ ಇಲ್ಲೋ?” ಎಂದಳು ನನ್ನ ಕಡೆ ನೋಡದೆ.

ಇದೆ. ನಮ್ಮ ತಂದೆಯ ತಂಗಿ ಸಾವಿತ್ರಿ ಅತ್ತೆ ಗಂಡನ ಮನೆಯಿಂದ ವಾಪಸು ಬಂದು, ಹಿಂದಿನ ಕೋಣೆಯಲ್ಲಿ ಗೋಡೆಯೊಂದಿಗೆ ಮಾತಾಡುತ್ತ ಇಪ್ಪತ್ತು ವರ್ಷ ಬದುಕಿದ್ದಳು. ಮನೆಗೆ ಯಾರಾದರೂ ಬಂದಾಗ ಅವಳು ಏನಾದರೂ ಅಂದುಬಿಟ್ಟರೆ ನಮ್ಮವ್ವ ಕೂಡಲೇ ಅದಕ್ಕೊಂದು ಅರ್ಥ ಹಚ್ಚುತ್ತಿದ್ದಳು. “ಹಸಿವಿ ಆಗೇದ ಅಂತಾಳ.” “ನಿಮ್ಮನ್ನ ಕೂಡ್ರಿ ಅಂತಾಳ.” ಬಂದವರು ತಲೆಯಾಡಿಸುತ್ತಿದ್ದರು, ನಮ್ಮ ಮರ್ಯಾದೆ ಉಳಿಯುತ್ತಿತ್ತು. ಅವ್ವ ಮನೆಯಲ್ಲಿ ಇಲ್ಲದಾಗ ಆ ಕೆಲಸ ನನ್ನದು. ಎಂಟು ವರ್ಷದವನಿದ್ದಾಗಲೇ ನಾನು ಅದರಲ್ಲಿ ಪಳಗಿದ್ದೆ. ಅತ್ತೆಯನ್ನು ಯಾವ ಡಾಕ್ಟರೂ ನೋಡಲಿಲ್ಲ. ನಾವು ಅರ್ಥ ಹೇಳುತ್ತಲೇ ಇದ್ದೆವು, ಅವಳು ಸತ್ತಳು.

ನಾಚಿಕೆ ಎಂದರೆ ಮುಖ ಕೆಂಪಾಗುವುದು ಎಂದುಕೊಂಡಿದ್ದೆ. ಅಲ್ಲ. ಅಂದು ನನ್ನ ದನಿಯೇ ನನಗೆ ಅಸಹ್ಯವಾಯಿತು. ಚಹಾ ಬೇಕೇ ಎಂದು ಸುಹಾಸಿನಿ ಕೇಳಿದರೂ ಬಾಯಿ ತೆರೆಯಲು ಮನಸ್ಸಾಗಲಿಲ್ಲ. ಮರುದಿನ ಶುಭಾಳಿಗೆ ಫೋನು ಮಾಡಿ, ಬರುತ್ತೇನೆ ಎಂದಷ್ಟೇ ಹೇಳಿದೆ.

ಇಷ್ಟಾದ ಮೇಲೂ ನಾನು ಸುಧಾರಿಸಿದೆನೆಂದು ತಿಳಿಯಬೇಡಿ. ಆ ತಾರೀಖಿನ ದಿನ ಕೋರ್ಟಿಗೆ ಅದೇ ಕೆಂಪು ದಾರದ ಚೀಟಿ ಹಾಕಿಕೊಂಡೇ ಹೋದೆ. ಪಡಸಾಲೆಯಲ್ಲಿ ಚೇತನಕುಮಾರ ನನ್ನನ್ನು ಪಕ್ಕಕ್ಕೆ ಕರೆದ.

“ಸರ್, ಹಂಗ ಬಿಚ್ಚಿ ಹೇಳಬ್ಯಾಡ್ರಿ. ಪ್ರಮಾಣ ಮಾಡಿ ತಪ್ಪು ಹೇಳಿದ್ರಿ ಅಂದ್ರ ನಿಮ್ಮ ಮ್ಯಾಲ ಕೇಸು ಆಗ್ತೈತ್ರಿ. ಯಾದಗಿರಿ ಕಡೀ ಮಾತು ಸರಿಯಾಗಿ ತಿಳೀಲಿಲ್ಲ ಅನ್ರಿ. ಮುಗದ್ಹೋತು. ನಾ ಹಂಗ ಬರಕೋತೀನಿ.”

ಒಳ್ಳೆಯ ಶಿಷ್ಯ. ನಾನು ಕಲಿಸಿದ್ದನ್ನೇ ನನಗಾಗಿ ಮಾಡುತ್ತಿದ್ದ, ಹೊಟ್ಟು ತೂರಿ ಕಾಳು ಇಡುತ್ತಿದ್ದ.

ಹುಸೇನಮ್ಮನನ್ನು ತಂದು ನಿಲ್ಲಿಸಿದರು. ಮೊದಲಿಗಿಂತ ಸೊರಗಿದ್ದಳು, ಕೆಳತುಟಿ ಊದಿಕೊಂಡಿತ್ತು. ಮೇಡಂ ಶುಭಾಳ ಅರ್ಜಿ ಓದಿ, ಇದಕ್ಕೆ ನೀವೇನು ಹೇಳುತ್ತೀರಿ ಎಂದು ನನ್ನನ್ನು ಕೇಳಿದರು.

ನಾನು ಎದ್ದು ನಿಂತು ಹೇಳಿದ್ದು ಇದು: “ಮೇಡಂ, ಅವಳದು ಯಾದಗಿರಿ ಕಡೆಯ ಮಾತು. ಕೆಲವು ಕಡೆ ನನಗೆ ಸ್ಪಷ್ಟವಾಗಿರಲಿಲ್ಲ.”

ಮೇಡಂ ತಲೆಯಾಡಿಸಿದರು. ಅವರಿಗೆ ಬೇಸರವೂ ಆಗಲಿಲ್ಲ. “ಹಾಗಾದರೆ ಆ ಭಾಷೆ ಚೆನ್ನಾಗಿ ಬಲ್ಲ ಬೇರೆ ದುಭಾಷಿಯನ್ನು ಗೊತ್ತುಮಾಡಿ. ಅಲ್ಲಿಯವರೆಗೆ ಮುಂದೂಡೋಣ. ಆರು ವಾರ” ಎಂದರು. ಚೇತನಕುಮಾರ ಆಗಲೇ ತಾರೀಖು ನೋಡುತ್ತಿದ್ದ. ನನ್ನ ಮಾನ ಉಳಿಯಿತು. ಹುಸೇನಮ್ಮನಿಗೆ ಇನ್ನೂ ಆರು ವಾರ ಜೈಲಿನ ಬಟ್ಟೆ ತಂತಿಯ ಕೆಳಗೆ ಪೆಟ್ಟು.

ಶುಭಾ ನನ್ನನ್ನು ನೋಡಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಫೈಲು ಮುಚ್ಚತೊಡಗಿದಳು, ಇವನಿಂದ ಇಷ್ಟೇ ಎಂದು ಮೊದಲೇ ಗೊತ್ತಿದ್ದವಳ ಹಾಗೆ.

“ಇಲ್ಲ ಮೇಡಂ” ಎಂದೆ. “ಈಗ ಹೇಳಿದ್ದೂ ಸುಳ್ಳು. ನಮ್ಮ ಮನೆತನ ಕಲಬುರಗಿ ಕಡೆಯದು, ಯಾದಗಿರಿ ನಮ್ಮ ಮಗ್ಗುಲಿನ ಊರು. ಅವಳ ಒಂದೊಂದು ಮಾತೂ ನನಗೆ ತಿಳಿದಿತ್ತು. ಕನ್ನಡದ ಹೆಂಗಸನ್ನು ಹುಚ್ಚಿ ಎಂದು ನಕ್ಕರೆಂಬ ಸಿಟ್ಟಿಗೆ, ನನ್ನ ಮಾನಕ್ಕೆ, ನಾನೇ ಉತ್ತರ ಕಟ್ಟಿ ಹೇಳಿದೆ.” ಅನಂತರ ಅವಳ ನಾಲ್ಕು ಉತ್ತರಗಳನ್ನೂ, ಮೊದಲು ಅವಳ ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಒಂದಕ್ಷರ ಬಿಡದೆ ಒಪ್ಪಿಸಿದೆ. ಕಾರ್ಡನ್ನು ಮೇಸ್ತ್ರಿ ನುಂಗಿದ್ದಾನೆ ಎಂದಾಗ ಹಿಂದೆ ಯಾರೋ ನಕ್ಕರು. ಮಗಳನ್ನು ತೂಗ ಹಾಕಿದ್ದರು ಎಂದಾಗ ಯಾರೂ ನಗಲಿಲ್ಲ. ಫ್ಯಾನಿನ ಮಾತು ಬಂದಾಗ ಮೇಡಂ ಒಮ್ಮೆ ಮೇಲೆ ನೋಡಿದರು.

ಚೇತನಕುಮಾರನ ಕೈ ಕೀಬೋರ್ಡಿನ ಮೇಲೆ ನಿಂತುಬಿಟ್ಟಿತ್ತು. “ಹೇಳಿದಂಗ ಬರಿಯಪ್ಪಾ” ಎಂದೆ ಕನ್ನಡದಲ್ಲಿ. ಅವನು ನನ್ನ ಮುಖ ನೋಡದೆ ಬರೆದ.

ಮೇಡಂ ಅವನು ಬರೆದದ್ದನ್ನು ಒಮ್ಮೆ ಓದಿಕೊಂಡು, “ನಿಮ್ಮ ವಿಷಯವನ್ನು ಬೇರೆಯಾಗಿ ನೋಡುತ್ತೇನೆ. ಈಗ ಅವಳನ್ನು ಒಂದೇ ಪ್ರಶ್ನೆ ಕೇಳಿ. ಇದು ಯಾವ ಜಾಗ, ಇಲ್ಲಿಗೆ ಯಾಕೆ ಕರೆತಂದಿದ್ದಾರೆ ಎಂದು. ಅವಳು ಹೇಳಿದ್ದನ್ನಷ್ಟೇ ಹೇಳಿ” ಎಂದರು.

ನಾನು ಹುಸೇನಮ್ಮನ ಹತ್ತಿರ ಹೋಗಿ ನಿಂತೆ. ಹೋದ ಸಲ ಅವಳ ಮುಖವನ್ನೇ ನಾನು ನೋಡಿರಲಿಲ್ಲ, ಜಡ್ಜರ ಕಡೆ ನೋಡಿ ಮಾತಾಡಿದ್ದೆ. ಈಗ ನೋಡಿದೆ.

“ತಂಗಿ, ಇದು ಯಾವ ಜಾಗ? ನಿನ್ನ ಇಲ್ಲಿಗೆ ಯಾಕ ತಂದಾರ?”

ಅವಳು ನನ್ನ ಪ್ರಶ್ನೆ ಕೇಳಿಸಿಕೊಳ್ಳಲಿಲ್ಲ. ಅವಳ ಕಣ್ಣು ನನ್ನ ಎದೆಯ ಮೇಲಿತ್ತು, ಕೆಂಪು ದಾರದ ತುದಿಯಲ್ಲಿ ಅಲ್ಲಾಡುತ್ತಿದ್ದ ನನ್ನ ಫೋಟೋದ ಮೇಲೆ. ಅವಳ ಮುಖದಲ್ಲಿ ಗಾಬರಿ ಬಂತು, ಆಮೇಲೆ ಮರುಕ ಬಂತು. ಪೇದೆ ತಡೆಯುವುದರೊಳಗೆ ಎರಡೂ ಕೈ ಚಾಚಿ, ದಾರವನ್ನು ನನ್ನ ತಲೆಯ ಮೇಲಿಂದ ಮೆಲ್ಲಗೆ, ಕಿವಿಗೆ ತಾಗದಂತೆ ಎತ್ತಿ ತೆಗೆದಳು. ಚೀಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಟ್ಟಿದಳು.

“ಯಜ್ಜಾ, ನಿನ್ನೂ ತೂಗ ಹಾಕಿದ್ರೇನು? ಅಳಬ್ಯಾಡ. ಇಳಿಸೀನಿ.”

“ಏನಂದಳು?” ಮೇಡಂ ಕೇಳಿದರು.

ನಾನು ಹೇಳಿದೆ. ಅಜ್ಜಾ ಎಂದಳು ಎಂಬುದರಿಂದ ಹಿಡಿದು, ಅಳಬೇಡ ಎಂದಳು ಎಂಬುದನ್ನೂ ಹೇಳಿದೆ. ಮೇಡಂ ಈ ಸಲ, ಭಾಷಾಂತರ ಸರಿಯಾಗಿದೆಯೇ ಎಂದು ನನ್ನನ್ನು ಕೇಳಲಿಲ್ಲ. ಶುಭಾಳ ಕಡೆ ನೋಡಿದರು. ಶುಭಾ ತಲೆಯಾಡಿಸಿದ ಮೇಲೆಯೇ ಆದೇಶ ಹೇಳಿ ಬರೆಸಿದರು. ವಿಚಾರಣೆ ಇಲ್ಲಿಗೆ ನಿಲ್ಲಲಿ. ಆರೋಪಿಯನ್ನು ಇವತ್ತೇ ಆಸ್ಪತ್ರೆಗೆ ಕಳಿಸಿ ವೈದ್ಯರ ವರದಿ ತರಿಸಲಿ, ಚಿಕಿತ್ಸೆ ಇಂದಿನಿಂದಲೇ ಶುರುವಾಗಲಿ.

ಪೇದೆ ಹುಸೇನಮ್ಮನ ಸೆರಗಿನಿಂದ ಚೀಟಿ ಕಿತ್ತು ನನಗೆ ಕೊಡಲು ಬಂದಳು. ಬೇಡ, ಅವಳ ಹತ್ತಿರವೇ ಇರಲಿ ಎಂದೆ.